ನೀಲಿ ದಾಟಿದ ನಲವತ್ತು ಚಾಕು

ಚಾಕು ಮಾಡುವವನಿಗೆ ಬೀದಿಯವರು ಇಟ್ಟ ಹೆಸರು ಮೊಂಡಣ್ಣ. ಅವನ ಕೈಯಿಂದ ಹೊರಟ ಚಾಕು ಒಂದೂ ಮೊಂಡಾಗಿದ್ದದ್ದಿಲ್ಲ. ಮೊಂಡುತನ ಇದ್ದದ್ದು ಅವನ ಸ್ವಭಾವದಲ್ಲಿ. ಬಲಕ್ಕೆ ಹೋಗು ಎಂದರೆ ಎಡಕ್ಕೆ ಹೋಗುವ ಮೊಂಡನಲ್ಲ, ನಿಂತ ಜಾಗದಲ್ಲೇ ಬೇರು ಬಿಟ್ಟು ನಿಲ್ಲುವ ಮೊಂಡ. ಅವನ ಹೆಂಡತಿಯನ್ನು ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಮನೆಯೂ ಕುಲುಮೆಯೂ ಒಂದೇ ಸೂರಿನ ಕೆಳಗೆ. ಬೀದಿಗೆ ಕುಲುಮೆ, ಹಿಂದೆ ಅಡುಗೆಮನೆ, ಮೇಲೆ ಒಂದು ಕೋಣೆ. ಕುಲುಮೆಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲು. ಅಕ್ಕನ ಹೊಲಿಗೆಯ ಮೇಜು ಆ ಬಾಗಿಲಲ್ಲೇ. ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಗಂಡನ ಮೇಲೆ, ಕೈ ಮಾತ್ರ ಚಾಕುವಿನ ಚರ್ಮದ ಚೀಲದ ಮೇಲೆ. ಹೀಗೆ ಮೂವತ್ತೆಂಟು ವರ್ಷ ಕಳೆದಿದ್ದಳು.

ಮೊಂಡಣ್ಣ ಗಿರಾಕಿಯನ್ನು ಯಾವ ಚಾಕು ಬೇಕು ಎಂದು ಕೇಳುತ್ತಿರಲಿಲ್ಲ. "ಏನು ಕೊಯ್ತೀಯ? ಕೊಯ್ದು ತೋರಿಸು" ಎನ್ನುತ್ತಿದ್ದ. ಮೂಲೆಯ ಬುಟ್ಟಿಯಲ್ಲಿ ಗಜ್ಜರಿ, ಹಗ್ಗದ ತುಂಡು, ಚರ್ಮದ ಚೂರು, ಮರದ ಕಡ್ಡಿ ಎಲ್ಲ ಇರುತ್ತಿದ್ದವು. ಬಂದವರು ಹಳೆಯ ಚಾಕು ಹಿಡಿದು ಕೊಯ್ಯಬೇಕು, ಇವನು ಕೈಕಟ್ಟಿ ಅವರ ಮೊಣಕೈ ನೋಡಬೇಕು. ಹೊಸದಾಗಿ ಬಂದವರಿಗೆ ನಗು ಬರುತ್ತಿತ್ತು. ತಿಂಗಳ ಮೇಲೆ ಚಾಕು ಕೈಗೆ ಬಂದಾಗ ಆ ನಗು ಹೋಗಿರುತ್ತಿತ್ತು. ಹುಟ್ಟುವಾಗಲೇ ಕೈಯಲ್ಲಿ ಹಿಡಿದುಕೊಂಡು ಬಂದಿದ್ದೇವೋ ಎನ್ನುವಂತೆ ಕೂರುತ್ತಿತ್ತು ಹಿಡಿ.

ಆದರೆ ಅವನು ಮಾಡುತ್ತಿದ್ದದ್ದೆಲ್ಲ ನೆಟ್ಟಗಿನ ಚಾಕು, ಅಲಗು ಹಿಡಿಗೆ ಕಚ್ಚಿ ಕೂತದ್ದು. ಮಡಚುಚಾಕು ಮಾಡಿಕೊಡು ಎಂದು ಯಾರಾದರೂ ಬಂದರೆ, "ಅದು ಆಟದ ಸಾಮಾನು, ಪೇಟೆಯಲ್ಲಿ ಸಿಗುತ್ತೆ ಹೋಗು" ಎಂದು ಬಾಗಿಲು ತೋರಿಸುತ್ತಿದ್ದ. ಯಾಕೆ ಹಾಗೆನ್ನುತ್ತಾನೆ ಎನ್ನುವುದು ಗೊತ್ತಿದ್ದವಳು ಅಕ್ಕ ಒಬ್ಬಳೇ.

ಕುಲುಮೆ ಮೊದಲು ಅಕ್ಕನ ಅಪ್ಪನದು. ಕೆಲಸದವರು ಅವನನ್ನು ಯಜಮಾನ ಎನ್ನುತ್ತಿದ್ದರು. ಮಡಚುಚಾಕು ಎಂದರೆ ಯಜಮಾನನ ಕೈ, ಯಜಮಾನನ ಕೈ ಎಂದರೆ ಮಡಚುಚಾಕು. ಮೊಂಡಣ್ಣ ಹದಿನೇಳಕ್ಕೆ ಅಲ್ಲಿ ಕೆಲಸಕ್ಕೆ ಸೇರಿದವನು. ಇಪ್ಪತ್ತಮೂರನೆಯ ವಯಸ್ಸಿಗೆ, ಯಾರೂ ಹೇಳದೆ, ತಾನೇ ಒಂದು ಮಡಚುಚಾಕು ಮಾಡಿ ಯಜಮಾನನ ಮುಂದಿಟ್ಟ. ಯಜಮಾನ ಅದನ್ನು ಮೂರು ಸಲ ತೆಗೆದ, ಮೂರು ಸಲ ಮಡಚಿದ. ಆಮೇಲೆ ತಲೆಕೆಳಗೆ ಹಿಡಿದು ಒಮ್ಮೆ ಒದರಿದ. ಅಲಗು ತಾನಾಗಿ ಹೊರಗೆ ಬಿತ್ತು.

"ಇದು ಚಾಕು ಅಲ್ಲಪ್ಪ, ಬಾಗಿಲು. ಗಾಳಿ ಬಂದ್ರೆ ತೆಗೆಯುತ್ತೆ" ಎಂದ ಯಜಮಾನ, ಎಲ್ಲರಿಗೂ ಕೇಳುವ ಹಾಗೆ. "ನಿನ್ನ ಕೈಗೆ ಸ್ಪ್ರಿಂಗು ಹತ್ತಲ್ಲ. ನೆಟ್ಟಗಿರೋದು ಮಾಡ್ಕೊಂಡಿರು."

ಕುಲುಮೆ ಪೂರ್ತಿ ನಕ್ಕಿತು. ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದ ಮಗಳೂ ನಕ್ಕಳು. ಹದಿನೆಂಟು ವರ್ಷದ ಹುಡುಗಿ, ಎಲ್ಲರೂ ನಕ್ಕರು ಎಂದು ನಕ್ಕಳು. ಎರಡು ವರ್ಷದ ಮೇಲೆ ಅದೇ ಹುಡುಗಿಯನ್ನು ಅದೇ ಯಜಮಾನ ಅವನಿಗೇ ಕೊಟ್ಟು ಮದುವೆ ಮಾಡಿದ. ಆ ನಗು ಗಂಡನಿಗೆ ನೆನಪಿದೆಯೋ ಇಲ್ಲವೋ ಎಂದು ಅಕ್ಕ ಯಾವತ್ತೂ ಕೇಳಲಿಲ್ಲ. ಅವನು ಮಾತ್ರ ಮಡಚುಚಾಕಿಗೆ ಕೈ ಹಚ್ಚಲಿಲ್ಲ. ಯಜಮಾನ ಸತ್ತು ಇಪ್ಪತ್ತು ವರ್ಷವಾದರೂ ಹಚ್ಚಲಿಲ್ಲ.

ಹಾಗಿದ್ದವನು ಅರವತ್ತಮೂರಕ್ಕೆ ಒಂದು ದಿನ ಊಟಕ್ಕೆ ಕೂತವನೇ, "ಇವಳೇ, ಮಡಚುಚಾಕು ಮಾಡ್ತೀನಿ. ನಲವತ್ತು" ಎಂದಾಗ ಅಕ್ಕನ ಕೈಯಲ್ಲಿದ್ದ ಸೌಟು ನಿಂತಲ್ಲೇ ನಿಂತಿತು.

ಕಿಡಿ ಹಚ್ಚಿದವನು ಅಕ್ಕನ ಮೈದುನ, ಮೊಂಡಣ್ಣನ ತಮ್ಮ. ದೊಡ್ಡ ಬೀದಿಯಲ್ಲಿ ಅವನದು ಬೀಗ, ಕೀಲಿ, ಕತ್ತರಿ, ಉಡುಗೊರೆ ಸಾಮಾನಿನ ಅಂಗಡಿ. ಮಾತಿಗೆ ಕೂತರೆ ಗೋಡೆಯೂ ಹೂಂಗುಟ್ಟಬೇಕು. "ಅಣ್ಣ, ನೀನು ಒಬ್ಬೊಬ್ಬರ ಮೊಣಕೈ ನೋಡ್ಕೊಂಡು ಕೂತ್ರೆ ನಿನ್ನ ಹೆಸರು ಈ ಬೀದಿ ದಾಟಲ್ಲ. ಒಂದೇ ಥರದ್ದು ನಲವತ್ತು ಮಾಡು. ಒಂದರಿಂದ ನಲವತ್ತರ ತನಕ ಬೆನ್ನ ಮೇಲೆ ಅಂಕಿ ಹೊಡಿ. ಚೆಂದದ ಡಬ್ಬಿಲಿ ಹಾಕಿ ನನ್ನ ಅಂಗಡೀಲಿ ಇಡೋಣ. ಒಂದು ದಿನ ಜನ ಕರೆಯೋಣ. ನಲವತ್ತು ಮುಗೀತು ಅಂದ್ರೆ ಮುಗೀತು, ಬೇಕು ಅಂದೋರಿಗೆ ಇಲ್ಲ ಅನ್ನೋಣ. ಇಲ್ಲ ಅನ್ನೋದಕ್ಕೇ ಅಣ್ಣ ಜನ ಮುಗಿಬೀಳೋದು!"

"ನೆಟ್ಟಗಿನ ಚಾಕು ಜೇಬಿಗೆ ಹಿಡಿಯಲ್ಲ" ಎಂದನಂತೆ ಮೊಂಡಣ್ಣ. "ಹಿಡಿಯೋದು ಮಾಡೋಣ."

ಅಲ್ಲಿಂದ ಮೂರು ತಿಂಗಳು ಅವನು ಹತ್ತು ವರ್ಷ ಚಿಕ್ಕವನಾದ. ಅಲಗಿನ ಅಚ್ಚು ಕಾಗದದಲ್ಲಿ ಕತ್ತರಿಸಿದ, ಹರಿದ, ಮತ್ತೆ ಕತ್ತರಿಸಿದ. ಹಿಡಿಗೆ ಹಳೆಯ ಮೇಜೊಂದರ ಕಾಲು ಸಿಗಿದು ಕಪ್ಪು ಮರ ಹೊಂದಿಸಿದ. ಹಿತ್ತಾಳೆಯ ತಗಡು ಅರ ಹಾಕಿ ಕೂದಲೆಳೆಯಷ್ಟು ಸಮಮಾಡಿದ. ಕೆಲಸ ಮಾಡುತ್ತ ಗುನುಗುತ್ತಿದ್ದ. ಮದುವೆಯಾದಾಗಿನಿಂದ ಅವನ ಗಂಟಲಲ್ಲಿ ರಾಗ ಕೇಳದ ಅಕ್ಕ, ಮೊದಲ ದಿನ ಹೊಟ್ಟೆನೋವೇನೋ ಎಂದು ಓಡಿ ಬಂದಿದ್ದಳು.

ಮಡಚುಚಾಕಿಗೆ ಜೀವ ಇರುವುದು ಹಿಡಿಯ ಬೆನ್ನಿನ ಸ್ಪ್ರಿಂಗಿನಲ್ಲಿ. ಬೆರಳಷ್ಟು ಉದ್ದದ ಉಕ್ಕಿನ ಪಟ್ಟಿ. ತೆರೆದ ಅಲಗು ತೆರೆದೇ ಇರುವಂತೆ, ಮಡಚಿದ್ದು ಮಡಚಿಯೇ ಇರುವಂತೆ ಒತ್ತಿ ಹಿಡಿಯುವುದು ಅದೇ. ಅದನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಾಜಿನಂತೆ ಗಡುಸಾಗುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಆದ್ದರಿಂದ ಉಜ್ಜಿ ಹೊಳಪು ಮಾಡಿ, ಕಾದ ಮರಳಿನ ತಟ್ಟೆಯ ಮೇಲಿಟ್ಟು, ಮತ್ತೆ ಮೆಲ್ಲಗೆ ಕಾಯಿಸಿ ಹದ ಕೊಡಬೇಕು. ಆಗ ಉಕ್ಕಿನ ಮೇಲೆ ಬಣ್ಣ ಹರಿಯುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಆಮೇಲೆ ನೀಲಿ. ಅಲಗಿಗೆ ಹಳದಿಯಲ್ಲಿ ನಿಲ್ಲಿಸಬೇಕು, ಸ್ಪ್ರಿಂಗಿಗೆ ನೀಲಿಯಲ್ಲಿ. ನೀಲಿ ಬಂದು ಕಣ್ಣು ಮಿಟುಕಿಸುವುದರೊಳಗೆ ಇಕ್ಕಳದಲ್ಲಿ ಎತ್ತಬೇಕು. ಬಿಟ್ಟರೆ ಬೂದಿ ಬಣ್ಣಕ್ಕೆ ತಿರುಗಿ ಕಸುವು ಇಳಿದುಹೋಗುತ್ತದೆ. ಅಕ್ಕನಿಗೆ ಇದೆಲ್ಲ ಅಆಇಈಗಿಂತ ಮೊದಲೇ ಬರುತ್ತಿತ್ತು. ಅಪ್ಪನ ಪಕ್ಕ ಮಣೆ ಹಾಕಿಕೊಂಡು ಕೂತು, "ಬಂತು ಅಪ್ಪಾ, ಬಂತು!" ಎಂದು ಕೂಗಿ ಬೈಸಿಕೊಂಡ ಹುಡುಗಿ ಅವಳು. "ನನಗೂ ಕಣ್ಣಿದೆ, ಬಾಯಿ ಮುಚ್ಚು" ಎನ್ನುತ್ತಿದ್ದ ಯಜಮಾನ.

ಸ್ಪ್ರಿಂಗಿಗೆ ಹದ ಕೊಡುವ ದಿನ ಮಧ್ಯಾಹ್ನ. ಬಣ್ಣ ಚೆನ್ನಾಗಿ ಕಾಣಲಿ ಎಂದು ಮೊಂಡಣ್ಣ ಕಿಟಕಿ ಮುಚ್ಚಿ, ಬಾಗಿಲು ಅರ್ಧ ಎಳೆದಿದ್ದ. ಮೊದಲ ಸ್ಪ್ರಿಂಗು ಮರಳಿನ ಮೇಲೆ ಕೂತಿತು. ಹೊಲಿಗೆಯ ಮೇಜಿನಿಂದ ಅಕ್ಕ ನೋಡುತ್ತಿದ್ದಳು. ಹಳದಿ ಹರಿಯಿತು. ಕಂದು ಬಂತು. ನೇರಳೆ. ನೀಲಿ, ನವಿಲ ಕತ್ತಿನಂಥ ನೀಲಿ. ಅಕ್ಕನ ಕೈಯ ಸೂಜಿ ನಿಂತಿತು. ಮೊಂಡಣ್ಣನ ಇಕ್ಕಳ ಕದಲಲಿಲ್ಲ. ನೀಲಿ ತೆಳುವಾಯಿತು. ಬೂದಿ ಮುಚ್ಚಿತು.

"ಬರ್ತಾ ಇದೆ, ಬರ್ತಾ ಇದೆ" ಎಂದು ತನ್ನಷ್ಟಕ್ಕೆ ಗೊಣಗಿ, ಇನ್ನೂ ಒಂದಷ್ಟು ಹೊತ್ತು ಬಿಟ್ಟು, ಆಮೇಲೆ ಎತ್ತಿದ. ಕಣ್ಣ ಹತ್ತಿರ ಹಿಡಿದು, "ಏನು ನೀಲಿ, ನೋಡು!" ಎಂದ.

ಅಕ್ಕ ಬಾಯಿ ತೆರೆದಳು. ತೆರೆದ ಬಾಯಿಗೆ ನಲವತ್ತು ವರ್ಷದ ಹಿಂದಿನ ಕುಲುಮೆಯ ನಗು ಬಂದು ಅಡ್ಡ ನಿಂತಿತು. ಯಾರು ಬೇಕಾದರೂ ಹೇಳಬಹುದು, ನಿನ್ನ ಸ್ಪ್ರಿಂಗು ಸರಿಯಿಲ್ಲ ಎಂದು. ಯಜಮಾನನ ಮಗಳು ಹೇಗೆ ಹೇಳುವುದು? ಒಂದು ತಾನೇ, ಎರಡನೆಯದು ಸರಿಹೋಗುತ್ತದೆ ಎಂದುಕೊಂಡಳು. ಎರಡನೆಯದೂ ದಾಟಿತು. ಹತ್ತೂ ದಾಟಿದವು. ನಾಲ್ಕು ಮಧ್ಯಾಹ್ನ, ದಿನಕ್ಕೆ ಹತ್ತು. ಅಕ್ಕ ನಾಲ್ಕು ಮಧ್ಯಾಹ್ನವೂ ಅದೇ ಮೇಜಿನ ಮುಂದೆ ಕೂತಿದ್ದಳು.

ಎರಡನೆಯ ದಿನ ಅವನ ಪಕ್ಕದ ಖಾನೆಯಿಂದ ನೀಲಿ ದಾರದ ಉಂಡೆ ಕೇಳಿದಳು. ಅವನು ಹುಡುಕಿ, ಬೂದಿ ಬಣ್ಣದ್ದು ಎತ್ತಿ ಕೊಟ್ಟ. ಕೊಟ್ಟವನ ಮುಖದಲ್ಲಿ ಒಂದು ಚೂರೂ ಅನುಮಾನವಿರಲಿಲ್ಲ. ಕೈ ತಪ್ಪಿದ್ದಲ್ಲ, ಕಣ್ಣು ತಪ್ಪಿದ್ದು ಎಂದು ಅಕ್ಕನಿಗೆ ಆಗ ತಿಳಿಯಿತು. ಎರಡು ವರ್ಷದಿಂದ ಅವನ ನೆಟ್ಟಗಿನ ಚಾಕುಗಳ ಬಾಯಿ ಅಲ್ಲಲ್ಲಿ ಸಿಡಿಯುತ್ತಿದೆ ಎಂದು ಗಿರಾಕಿಗಳು ಹೇಳುತ್ತಿದ್ದದ್ದೂ, ಅವನು ಉಕ್ಕಿಗೆ ಬೈಯುತ್ತಿದ್ದದ್ದೂ ಒಟ್ಟೊಟ್ಟಿಗೆ ನೆನಪಿಗೆ ಬಂತು. ಕಣ್ಣಿಗೆ ಪೊರೆ ಬಂದು ಜಗತ್ತೆಲ್ಲ ಹಳದಿ ಗಾಜಿನ ಆಚೆ ಇದ್ದರೆ, ಹಳದಿ ಬೇಗ ಕಾಣುತ್ತದೆ, ಅಲಗು ಹದಕ್ಕೆ ಮೊದಲೇ ಏಳುತ್ತದೆ; ನೀಲಿ ಕಾಣುವುದೇ ಇಲ್ಲ.

"ರೀ, ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ" ಎಂದಳು ರಾತ್ರಿಯ ಊಟಕ್ಕೆ ಬಡಿಸುತ್ತ.

"ನನ್ನ ಕಣ್ಣಿಗೇನಾಗಿದೆ? ನಿನ್ನ ಸಾರಿನಲ್ಲಿ ಉಪ್ಪಿಲ್ಲ ಅನ್ನೋದು ಇಲ್ಲಿಂದಲೇ ಕಾಣ್ತಾ ಇದೆ."

ಅಲ್ಲಿಗೆ ಆ ಮಾತು ಮುಗಿಯಿತು. ಬೀಸುವ ದೊಣ್ಣೆ ತಪ್ಪಿತು ಎಂದು ಅಕ್ಕನೇ ಒಳಗೊಳಗೆ ಉಸಿರು ಬಿಟ್ಟಳು. ಅದಕ್ಕಾಗಿ ಆಮೇಲೆ ತನ್ನನ್ನು ತಾನು ಎಷ್ಟು ಶಪಿಸಿಕೊಂಡಳೋ ಲೆಕ್ಕವಿಲ್ಲ.

ಚಾಕು ಜೋಡಣೆಯಾದ ಮೇಲೆ ನೋಡಿದವರೆಲ್ಲ ಬೆರಗಾದರು. ಹೊಸ ಸ್ಪ್ರಿಂಗು ಸೋತದ್ದಾದರೂ ಮೊದಮೊದಲು ಟಕ್ ಎನ್ನುತ್ತದೆ. ಅಕ್ಕ ಏಳನೆಯ ಅಂಕಿಯದನ್ನು, ಚೀಲ ಹೊಲಿಯಬೇಕು ಎಂದು ನೆಪ ಹೇಳಿ ಅಡುಗೆಮನೆಗೆ ಒಯ್ದಳು. ಒಲೆಯ ಮೇಲೆ ಬೇಳೆ ಬೇಯುತ್ತಿರುವಾಗ ಗೋಡೆಗೆ ಬೆನ್ನು ಕೊಟ್ಟು ತೆಗೆದಳು, ಮಡಚಿದಳು, ತೆಗೆದಳು, ಮಡಚಿದಳು. ಇನ್ನೂರರ ಹತ್ತಿರ ಟಕ್ ಹೋಗಿ ಟಪ್ ಆಯಿತು. ನಾನೂರಕ್ಕೆ ಸದ್ದೇ ಇಲ್ಲ. ತಲೆಕೆಳಗೆ ಹಿಡಿದು ಅಪ್ಪನ ಹಾಗೇ ಒದರಿದಳು. ಅಲಗು ತಾನಾಗಿ ಜಾರಿ ಬಿತ್ತು. ಅಕ್ಕ ಅದನ್ನು ಹೊಲಿಗೆಯ ಡಬ್ಬಿಯ ತಳದಲ್ಲಿ ಬಟ್ಟೆಯ ಅಡಿಗೆ ಇಟ್ಟು, ಕೈ ಒರೆಸಿಕೊಂಡು, ಮೈದುನನ ಅಂಗಡಿಗೆ ನಡೆದಳು.

"ಅತ್ತಿಗೆ, ದಿನಕ್ಕೆ ನಾನೂರು ಸಲ ಯಾರು ತೆಗೀತಾರೆ? ಹಣ್ಣು ಕೊಯ್ಯೋದು, ಪಾರ್ಸಲ್ ದಾರ ಕತ್ತರಿಸೋದು, ಅಷ್ಟೇ ತಾನೆ?" ಎಂದ ಮೈದುನ. ಆದರೂ ಮುಖ ಇಳಿಯಿತು. "ನಾಳೆಗೆ ಜನಕ್ಕೆ ಹೇಳಾಗಿದೆ. ನಿಲ್ಲಿಸಬೇಕು ಅಂದ್ರೆ ನೀವೇ ಅಣ್ಣಂಗೆ ಹೇಳಿ. ನನಗಂತೂ ಆ ಬಾಯಿಲ್ಲ."

ಅಕ್ಕನಿಗೆ ಇತ್ತೇ? ಹೇಳಿಯೇ ಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಳು. ಮೊಂಡಣ್ಣ ಚಾಕುಗಳನ್ನು ಸಾಲಾಗಿ ಇಟ್ಟು, ಮೆತ್ತನೆಯ ಬಟ್ಟೆಯಲ್ಲಿ ಎಣ್ಣೆ ಸವರುತ್ತಿದ್ದ. ಇವಳ ಹೆಜ್ಜೆ ಕೇಳಿ ತಲೆ ಎತ್ತದೆಯೇ ಹೇಳಿದ: "ನಿಮ್ಮಪ್ಪ ಇರಬೇಕಿತ್ತು ಕಣೇ."

ಜೋಡಿಸಿಕೊಂಡು ಬಂದ ಮಾತೆಲ್ಲ ಮಣಿಸರ ಹರಿದ ಹಾಗೆ ಚೆಲ್ಲಾಪಿಲ್ಲಿಯಾಯಿತು. "ಹೂಂ, ಇರಬೇಕಿತ್ತು" ಎಂದು ಅಕ್ಕ ಒಳಗೆ ಹೋದಳು.

ಮಾರನೆಯ ದಿನ ಮೈದುನನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಏಳನೆಯದಕ್ಕೆ ಚೀಲ ಆಗಿಲ್ಲ ಎಂದು ಅಕ್ಕ ಹೇಳಿದ್ದರಿಂದ ಗಾಜಿನ ಮೇಜಿನ ಮೇಲೆ ಮೂವತ್ತೊಂಬತ್ತು ಡಬ್ಬಿ. ಮೊಂಡಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಒಂದನೆಯ ಅಂಕಿಯ ಚಾಕುವನ್ನು ಹಾರಿಸಿಕೊಂಡವನು ಕುರ್ಚಿ ಹೆಣೆಯುವವನು. ಚಿಕ್ಕಂದಿನ ಗೆಳೆಯ, ಅದೇ ಬೀದಿಯವನು, ಬೆತ್ತದ ಸೀಳಿನಿಂದ ಕುರ್ಚಿಯ ಸೀಟು ಹೆಣೆದು ಹೊಟ್ಟೆ ಹೊರೆಯುವವನು.

"ಲೋ ಮೊಂಡ, ಮುದುಕನಾದ ಮೇಲೆ ಮಡಚೋದು ಕಲ್ತೆಯಾ? ನನಗೆ ಮಂಡಿ ಮಡಚೋಕೇ ಆಗಲ್ಲ!"

"ಮಂಡಿಗೂ ಒಂದು ಸ್ಪ್ರಿಂಗ್ ಹಾಕಿಕೊಡ್ತೀನಿ, ಬಾ."

"ಬೇಡಪ್ಪ, ಆಮೇಲೆ ಟಕ್ ಅಂತ ಎದ್ದು ಹೋಗಿಬಿಟ್ಟೇನು, ನನ್ನ ಹೆಂಡತಿ ಕೆಲಸ ಹೇಳೋಕೆ ಯಾರನ್ನ ಹುಡುಕ್ತಾಳೆ?"

ಎಲ್ಲರೂ ನಕ್ಕರು. ಮಾತಾಡುತ್ತಲೇ ಅವನು ಚಾಕು ತೆಗೆಯುತ್ತಿದ್ದ, ಮಡಚುತ್ತಿದ್ದ. ಟಕ್, ಟಕ್, ಟಕ್. ಒಂದೊಂದು ಟಕ್ಕಿಗೂ ಅಕ್ಕನ ಎದೆಯಲ್ಲಿ ಒಂದೊಂದು ಲೆಕ್ಕ ಬೀಳುತ್ತಿತ್ತು. ಸಂಜೆಯೊಳಗೆ ಮೂವತ್ತೊಂಬತ್ತೂ ಖಾಲಿ.

ಆಮೇಲಿನ ಮೂರು ವಾರ ಅಕ್ಕನಿಗೆ ತಿಂದದ್ದು ಮೈಗೆ ಹತ್ತಲಿಲ್ಲ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಕೊನೆಗೆ ಒಂದು ಬೆಳಗ್ಗೆ ಕುರ್ಚಿಯವನ ಮನೆಯ ಮುಂದೆ ಹೋಗಿ ನಿಂತಳು. ಅವನು ಜಗುಲಿಯ ಮೇಲೆ ಸೀಟಿಲ್ಲದ ಕುರ್ಚಿಯೊಂದನ್ನು ಮಗುಚಿಕೊಂಡು ಕೂತಿದ್ದ.

"ಅಣ್ಣ, ಆ ಚಾಕು ಹೇಗಿದೆ?"

"ಚಿನ್ನದಂಥ ಚಾಕು ಅಕ್ಕ. ಸ್ವಲ್ಪ ಸಡಿಲ ಆಗಿದೆ, ನನ್ನ ಹಲ್ಲಿನ ಹಾಗೆ. ಕೈಗೆ ಪಳಗಿತು ಅಂದ್ಕೊಂಡೆ."

"ಕೊಡಿ, ಸರಿಮಾಡಿಸಿ ತರ್ತೀನಿ."

"ಇದ್ಯಾವ ನ್ಯಾಯ ಅಕ್ಕ? ಕೊಟ್ಟ ಮಗಳನ್ನ ವಾಪಸ್ ಕರ್ಕೊಂಡು ಹೋಗ್ತಾರಾ? ನಾಡಿದ್ದು ಹನ್ನೆರಡು ಕುರ್ಚಿ ಒಪ್ಪಿಸಬೇಕು, ಆಮೇಲೆ ಕೊಡ್ತೀನಿ."

ಸ್ಪ್ರಿಂಗು ಸತ್ತಿದೆ, ಅದರಲ್ಲಿ ಕೆಲಸ ಮಾಡಬೇಡಿ ಎನ್ನುವ ಒಂದು ಮಾತು. ಅಷ್ಟು ಹೇಳಿದ್ದರೆ ಆಗಿತ್ತು. ಆದರೆ ಇವನಿಗೆ ಹೇಳಿದರೆ ಸಂಜೆಗೆ ಬೀದಿಗೆಲ್ಲ ಗೊತ್ತಾಗುತ್ತದೆ, ಬೀದಿಯಿಂದ ಗಂಡನಿಗೆ ತಿಳಿಯುತ್ತದೆ. "ಹುಷಾರಾಗಿ ಹಿಡ್ಕೊಳ್ಳಿ" ಎಂದಷ್ಟೇ ಹೇಳಿ ಅಕ್ಕ ತಿರುಗಿ ಬಂದಳು. ಆಡಿದ ಮಾತು ಕೆಡಿಸಿತು ಎಂದು ಎಲ್ಲರೂ ಹೇಳುತ್ತಾರೆ. ಆಡದ ಮಾತು ಕೆಡಿಸಿದ್ದಕ್ಕೆ ಗಾದೆ ಕಟ್ಟಿದವರು ಯಾರೂ ಇಲ್ಲ.

ಮರುದಿನವೇ ಆಯಿತು. ಬಿಗಿಯಾದ ಬೆತ್ತದ ಗಂಟೊಂದನ್ನು ಒತ್ತಿ ಕೊಯ್ಯುವಾಗ ಅಲಗು ಹಿಂದಕ್ಕೆ ಮಡಚಿಕೊಂಡು, ಬಲಗೈಯ ತೋರುಬೆರಳನ್ನು ಮೂಳೆಯ ತನಕ ಕಚ್ಚಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಒಳಗಿನ ನರ ತುಂಡಾಗಿದೆ, ಬೆರಳು ಮೊದಲಿನ ಹಾಗೆ ಬಗ್ಗುವುದು ಅನುಮಾನ ಎಂದರು. ಗಂಡ ಹೆಂಡತಿ ಇಬ್ಬರೂ ಓಡಿದರು. ಬಿಳಿ ಗೋಡೆಯ ಉದ್ದನೆಯ ಪಡಸಾಲೆ, ತಗಡಿನ ಬೆಂಚು, ಫಿನಾಯಿಲಿನ ವಾಸನೆ. ಕುರ್ಚಿಯವನು ಕಟ್ಟು ಕಟ್ಟಿದ ಕೈಯನ್ನು ಎದೆಗಾನಿಸಿಕೊಂಡು ಕೂತಿದ್ದ.

"ತಪ್ಪು ನಂದೇ ಕಣೋ, ಅಡ್ಡ ಹಿಡಿದೆ" ಎಂದ ಆ ಪುಣ್ಯಾತ್ಮ. ಅಕ್ಕನ ಮುಖ ನೋಡಿ, "ನಿನ್ನೆ ಅಕ್ಕ ಹೇಳಿದ್ರು, ಹುಷಾರು ಅಂತ. ನಾನು ಕೇಳಲಿಲ್ಲ" ಎಂದೂ ಸೇರಿಸಿದ. ಮೊಂಡಣ್ಣ ಹೆಂಡತಿಯ ಕಡೆ ಒಮ್ಮೆ ತಿರುಗಿ ನೋಡಿದ.

ಮನೆಗೆ ಬಂದು, ಗೆಳೆಯನಿಂದ ಇಸಿದುಕೊಂಡು ತಂದ ಆ ಚಾಕುವನ್ನು ಮೇಜಿನ ಮೇಲಿಟ್ಟ. ತೆಗೆದ, ಮಡಚಿದ. ಸದ್ದಿಲ್ಲ. "ಇದರಲ್ಲಿ ಏನನ್ನೋ ಮೀಟಿದ್ದಾನೆ. ಮೀಟದೆ ಹೀಗಾಗಲ್ಲ. ಒಂದೊಂದನ್ನೂ ನೀಲಿ ನೋಡಿ ತೆಗೆದಿದ್ದೀನಿ ನಾನು, ಒಂದೊಂದನ್ನೂ."

"ನೀಲಿ ದಾಟಿತ್ತು ರೀ" ಎಂದಳು ಅಕ್ಕ.

ಹೊರಗೆ ಯಾರೋ ಕೈಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಅವನು ಚಾಕುವಿನ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ಇದು ಒಂದಾ?"

"ಎಲ್ಲಾ. ನಲವತ್ತೂ."

"ನೀನು ನೋಡಿದೆಯಾ?"

"ನೋಡಿದೆ. ನಿಮ್ಮ ಕಣ್ಣಿಗೆ ಪೊರೆ ಬಂದಿದೆ. ನೀಲಿ ದಾರ ಕೇಳಿದ್ರೆ ಬೂದಿದು ಕೊಟ್ರಿ." ಅಕ್ಕ ಹೊಲಿಗೆಯ ಡಬ್ಬಿಯಿಂದ ಏಳನೆಯದನ್ನು ತೆಗೆದು ಒಂದನೆಯದರ ಪಕ್ಕ ಇಟ್ಟಳು. "ಇದನ್ನ ನಾನೇ ನಾನೂರು ಸಲ ತೆಗೆದು ಮಡಚಿದೆ. ಜನ ಕರೆದಿದ್ದ ಹಿಂದಿನ ದಿನ."

ಏಟು ಬಿದ್ದರೂ ಸರಿ, ಬೈಗಳು ಬಿದ್ದರೂ ಸರಿ ಎಂದು ಮೈ ಬಿಗಿಹಿಡಿದು ನಿಂತಿದ್ದಳು. ಮೂವತ್ತೆಂಟು ವರ್ಷದಲ್ಲಿ ಅವನು ಕೈ ಎತ್ತಿದವನಲ್ಲ. ಆದರೂ ಅಂದು ಎತ್ತಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವನು ಎರಡು ಚಾಕುಗಳನ್ನೂ ಒಂದರ ಪಕ್ಕ ಒಂದು ಸರಿಯಾಗಿ ಜೋಡಿಸಿದ. ಆಮೇಲೆ ಹೇಳಿದ:

"ನಿಮ್ಮಪ್ಪ ಎಲ್ಲರ ಮುಂದೆ ಬೈದ. ನನಗೆ ನಲವತ್ತು ವರ್ಷ ಉರೀತು. ಆದ್ರೆ ಆ ಬಾಗಿಲಿನಂಥ ಚಾಕು ಯಾರ ಜೇಬಿಗೂ ಹೋಗಲಿಲ್ಲ ಕಣೇ. ನೀನು ನನ್ನ ಮರ್ಯಾದೆ ಕಾಯ್ದೆ. ಅವನ ಬೆರಳು ಹೋಯ್ತು."

ಅಕ್ಕನಿಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು ಎನ್ನಿಸಿತು.

ಮರುದಿನ ಬೆಳಗ್ಗೆ ಮೊಂಡಣ್ಣ ಕುಲುಮೆ ಹೊತ್ತಿಸಲಿಲ್ಲ. ಮೈದುನನ ಅಂಗಡಿಯಿಂದ ಕೊಂಡವರ ಪಟ್ಟಿ ತಂದು, "ಚಪ್ಪಲಿ ಹಾಕ್ಕೋ" ಎಂದ. ಇಬ್ಬರೂ ಮನೆಮನೆಗೆ ಹೊರಟರು. ಮೆಟ್ಟಿಲು ಹತ್ತಿದರು, ಇಳಿದರು; ನಾಯಿಯಿಂದ ಬೊಗಳಿಸಿಕೊಂಡರು. ಒಂದೊಂದು ಬಾಗಿಲಲ್ಲೂ ಅವನದು ಒಂದೇ ಮಾತು: "ಚಾಕು ವಾಪಸ್ ಕೊಡಿ. ಸ್ಪ್ರಿಂಗು ಕೆಟ್ಟಿದೆ. ನನಗೆ ನೀಲಿ ಕಾಣಲ್ಲ, ಕಾಣ್ತದೆ ಅಂದ್ಕೊಂಡು ಮಾಡಿದೆ." ಮೊದಲ ಬಾಗಿಲಲ್ಲಿ ಆ ಮಾತು ಹೇಳುವಾಗ ಅವನ ಕೆಳತುಟಿ ನಡುಗಿದ್ದನ್ನು ಅಕ್ಕ ನೋಡಿದಳು. ಹತ್ತನೆಯ ಬಾಗಿಲಿಗೆ ನಡುಕ ನಿಂತಿತ್ತು. ಕೆಲವರು ಪಾಪ ಎಂದರು. ಒಬ್ಬ ಮೇಷ್ಟರು, "ನಾನು ಮೊದಲೇ ಅಂದ್ಕೊಂಡೆ, ಈ ವಯಸ್ಸಿಗೆ ಇದೆಲ್ಲ ಯಾಕೆ ಅಂತ" ಎಂದರು. ಮೊಂಡಣ್ಣ ಅದಕ್ಕೂ ತಲೆ ಬಾಗಿಸಿದ. ಒಬ್ಬಳು ಹೆಂಗಸು ಬಾಗಿಲನ್ನು ಅರ್ಧ ತೆರೆದು, ಚೆನ್ನಾಗಿದೆ ಕೊಡಲ್ಲ ಎಂದು ಜಗಳಕ್ಕೇ ನಿಂತಳು. ಆಗ ಮುಂದೆ ಬಂದವಳು ಅಕ್ಕ. "ನನ್ನ ಕಣ್ಣಾರೆ ನೋಡಿದ್ದೀನಿ ತಾಯಿ. ನೋಡಿ ಸುಮ್ಮನಿದ್ದೆ. ಒಬ್ಬರ ಕೈ ಹೋಗಿದೆ" ಎಂದಳು. ಆ ಹೆಂಗಸು ಇವಳನ್ನು ಮೇಲಿಂದ ಕೆಳಗೆ ನೋಡಿದಳು. ಚಾಕು ತಂದು ಕೈಗೆ ಕೊಡದೆ ಹೊಸ್ತಿಲ ಮೇಲಿಟ್ಟು ಕದ ಹಾಕಿಕೊಂಡಳು.

ಹನ್ನೊಂದು ದಿನ ಸುತ್ತಿದರು. ಆ ಹನ್ನೊಂದು ದಿನವೂ ದಾರಿಯಲ್ಲಿ ಅವನು ಅವಳೊಂದಿಗೆ ಮನೆಯ ನಂಬರಿನ ಹೊರತು ಇನ್ನೇನೂ ಮಾತಾಡಲಿಲ್ಲ. ಕುರ್ಚಿಯವನದೂ ಅಕ್ಕನ ಡಬ್ಬಿಯದೂ ಸೇರಿ ಮೂವತ್ತೊಂಬತ್ತು ಬಂದವು. ಒಂದು ಬರಲಿಲ್ಲ. ಹತ್ತೊಂಬತ್ತನೆಯ ಅಂಕಿಯದು. ಅದನ್ನು ಕೊಂಡವಳು ದಾರಿಹೋಕಳು, ಪಟ್ಟಿಯಲ್ಲಿ ಹೆಸರಿಲ್ಲ. "ಜಿಪ್ ಕಿತ್ತುಹೋದ ಚೀಲ ಇತ್ತು ಅಣ್ಣ, ಬಸ್ಸಿಗೆ ಹೊತ್ತಾಯ್ತು ಅಂದ್ಲು. ಮಗಳಿಗೆ ಪೆನ್ಸಿಲ್ ಕೆತ್ತೋಕೆ ಅಂದ್ಲು" ಎಂದ ಮೈದುನ. ಮಗಳಿಗೆ ಎನ್ನುವ ಮಾತು ಕೇಳಿದ್ದೇ ಮೊಂಡಣ್ಣ ಅಂಗಡಿಯ ಮೆಟ್ಟಿಲು ಇಳಿದ. ಇಬ್ಬರೂ ಬಸ್ ನಿಲ್ದಾಣದಲ್ಲಿ ವಿಚಾರಿಸಿದರು, ಗೋಡೆಗೆ ಕಾಗದ ಅಂಟಿಸಿದರು. ಏನೂ ಆಗಲಿಲ್ಲ.

ಕಣ್ಣಿನ ಆಪರೇಷನ್ ಆಯಿತು, ಮೊದಲು ಬಲದ್ದು, ಎರಡು ತಿಂಗಳ ಮೇಲೆ ಎಡದ್ದು. ಕಟ್ಟು ಬಿಚ್ಚಿಸಿಕೊಂಡು ಮನೆಗೆ ಬಂದವನು ನೇರ ಕುಲುಮೆಗೆ ಹೋದ. ವಾಪಸು ಬಂದ ಚಾಕುಗಳ ಮೊಳೆ ಹೊಡೆದು ತೆಗೆದು, ಸ್ಪ್ರಿಂಗುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಹೊರಮೈ ಉಜ್ಜಿ ಹೊಳಪಾಗಿದ್ದರೂ ಒಳಮೈಯ ಬಣ್ಣ ಹಾಗೇ ಉಳಿದಿರುತ್ತದೆ. ಬೂದಿ. ಮೂವತ್ತೊಂಬತ್ತೂ ಬೂದಿ. ಅಷ್ಟನ್ನೂ ನೋಡಿ ಮುಗಿಸುವ ತನಕ ಎದ್ದೇಳಲಿಲ್ಲ.

ಅಂದಿನಿಂದ ಮನೆಯಲ್ಲಿ ಒಂದು ಹೊಸ ಅಭ್ಯಾಸ ಶುರುವಾಯಿತು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕು, ಅವನು ಅರ ನಿಲ್ಲಿಸಿ ತಲೆ ಎತ್ತುತ್ತಿದ್ದ. "ಏನು? ಏನಾದ್ರೂ ನೋಡಿದೆಯಾ?" ಸುಮ್ಮನೆ ಕೂತದ್ದಕ್ಕೂ ಲೆಕ್ಕ ಒಪ್ಪಿಸಬೇಕಾದ ಬಾಳು. ಹಾಗಾಗಿ ಅಕ್ಕ ಕಂಡದ್ದನ್ನೆಲ್ಲ ಹೇಳತೊಡಗಿದಳು: ಅಂಗಿಯ ಗುಂಡಿ ತಪ್ಪಿದೆ, ಆ ಮೊಳೆ ಸೊಟ್ಟ ಕೂತಿದೆ, ಹಿಡಿಯ ಎಡಗಡೆ ಕೂದಲೆಳೆ ದಪ್ಪ. ಅವನು ಎಲ್ಲಕ್ಕೂ ತಲೆಯಾಡಿಸಿ ತಿದ್ದುತ್ತಿದ್ದ. ಪ್ರೀತಿಯಿಂದಲೋ ಶಿಕ್ಷೆಯೆಂದೋ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಅವೇ ಅಲಗು, ಅವೇ ಹಿಡಿ ಇಟ್ಟುಕೊಂಡು, ಅಲಗಿಗೂ ಹೊಸದಾಗಿ ಹದ ಹಾಕಿ, ಸ್ಪ್ರಿಂಗು ಮಾತ್ರ ಬೇರೆ ಮಾಡಲು ಕೂತ. ಮತ್ತೆ ಮಧ್ಯಾಹ್ನ, ಮತ್ತೆ ಮುಚ್ಚಿದ ಕಿಟಕಿ, ಮರಳಿನ ತಟ್ಟೆ. ಹನ್ನೊಂದು ಸ್ಪ್ರಿಂಗು ಸರಿಯಾದ ಹೊತ್ತಿಗೆ ಎದ್ದವು. ಹನ್ನೆರಡನೆಯದನ್ನು ಎತ್ತುವಾಗ ಅಕ್ಕ ಬಾಗಿಲಿಂದ ಚೀರಿದಳು: "ದಾಟಿತು!"

ಅವನು ಇಕ್ಕಳವನ್ನು ಮೇಲೆತ್ತಿ ನೋಡಿದ. ಹೊಸ ಕಣ್ಣಿಗೆ ಅದು ನೀಲಿ. ನವಿಲ ಕತ್ತಿನಂಥದೇ ನೀಲಿ. ಅಕ್ಕನಿಗೂ ಮರುಗಳಿಗೆ ಕಂಡಿತು. ಅವಳು ನೋಡಿ ಕೂಗಿದ್ದಲ್ಲ, ಹೆದರಿ ಕೂಗಿದ್ದು.

"ಇಲ್ಲ ರೀ... ಸರಿ ಇದೆ. ನಂದೇ ತಪ್ಪು."

ಮೊಂಡಣ್ಣ ಸ್ಪ್ರಿಂಗನ್ನು ತಿರುಗಿಸಿ ನೋಡಿದ, ಇನ್ನೊಮ್ಮೆ ತಿರುಗಿಸಿದ. ಆಮೇಲೆ ಗುಜರಿ ಡಬ್ಬಿಗೆ ಹಾಕಿದ. ಡಬ್ಬಿಯ ತಳದಲ್ಲಿ ಅದು ಠಣ್ ಎಂದಿತು. "ಅನುಮಾನ ಬಂದದ್ದು ಯಾರ ಜೇಬಿಗೂ ಬೇಡ" ಎಂದು, ಇನ್ನೊಂದು ಪಟ್ಟಿ ಮರಳಿನ ಮೇಲಿಟ್ಟ.

ಚಾಕುಗಳು ಕೊಂಡವರ ಮನೆಗೆ ಮರಳಿದವು. ಏಳನೆಯದು ಮಾತ್ರ ಕುಲುಮೆಯಲ್ಲೇ ಉಳಿಯಿತು. ಕುರ್ಚಿಯವನು ತನ್ನದನ್ನು ಎಡಗೈಯಲ್ಲಿ ಹಿಡಿಯುವುದು ಕಲಿತ. ಬಲಗೈಯ ತೋರುಬೆರಳು ನೆಟ್ಟಗೆ ನಿಂತುಬಿಟ್ಟಿದೆ. "ಎಲ್ಲರಿಗೂ ದಾರಿ ತೋರಿಸೋಕೆ ಸುಲಭ" ಎಂದು ಅವನೇ ನಗುತ್ತಾನೆ. ಗಂಡ ಹೆಂಡತಿ ಇಬ್ಬರೂ ಆ ನಗೆಗೆ ನಗುವುದಿಲ್ಲ.

ಹತ್ತೊಂಬತ್ತನೆಯದು ಇವತ್ತಿಗೂ ಬಂದಿಲ್ಲ. ಈಗಲೂ ಕುಲುಮೆಯ ಮುಂದೆ ಗುರುತಿಲ್ಲದವರು ಯಾರಾದರೂ ಬಂದು ನಿಂತು ಚೀಲಕ್ಕೆ ಕೈ ಹಾಕಿದರೆ, ಅವನ ಅರ ನಿಲ್ಲುತ್ತದೆ, ಅವಳ ಸೂಜಿ ನಿಲ್ಲುತ್ತದೆ. ಒಂದು ಬೀಗದ ಕೈಯೋ ಕರವಸ್ತ್ರವೋ ಹೊರಗೆ ಬರುತ್ತದೆ. ಇಬ್ಬರೂ ಮೊದಲು ಆ ಕೈಯ ಬೆರಳುಗಳನ್ನು ನೋಡುತ್ತಾರೆ. ಆಮೇಲೆ, ಏನು ಬೇಕಿತ್ತು ಎಂದು ಕೇಳುತ್ತಾರೆ.